ಸೀಸನ್ ಮುಗಿದ ಮೇಲೆ ಸೂರು ಯಾರದು?

(ಹೊಳೆನರಸೀಪುರ ತಾಲ್ಲೂಕು ಹಳೇಕೋಟೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ಮಹಿಳೆ ಮತ್ತು ಸಣ್ಣ ಉದ್ಯಮ’. ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಇಂಥ ವಿಷಯ ಸಿಕ್ಕರೆ ಬಂಡವಾಳ, ಮಾರುಕಟ್ಟೆ, ಲಾಭ ಎಂದು ಒಂದು ಗಂಟೆ ಹೇಳಿಬಿಡುವ ಚಟ ನನಗಿದೆ. ಇವತ್ತು ಹಾಗೆ ಮಾಡುವುದಿಲ್ಲ. ಹೋದ ವರ್ಷ ಗೋಕರ್ಣದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಎಂಟು ದಿನ ಇದ್ದು ಬಂದೆ. ಅಲ್ಲಿ ನೋಡಿದ್ದನ್ನೇ ಹೇಳುತ್ತೇನೆ.

ಕಡಲಿಗೂ ಹಳೇಕೋಟೆಗೂ ಏನು ಸಂಬಂಧ ಎಂದು ಹಿಂದೆ ಕೂತವರು ಪಿಸುಗುಡುತ್ತಿದ್ದೀರಿ. ನಮ್ಮ ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೆ ಕೆಲವು ದಿನ ಮಾತ್ರ ತೆರೆಯುತ್ತದೆ. ಆ ಕೆಲವು ದಿನದಲ್ಲಿ ಹೂವು, ಬಳೆ, ಹಣ್ಣುಕಾಯಿ, ಚುರುಮುರಿ ಮಾರುವ ಹೆಂಗಸರು ಎಷ್ಟು ಜನ! ಬಲಿಪಾಡ್ಯಮಿ ಕಳೆದು ಬಾಗಿಲು ಮುಚ್ಚಿತು ಎಂದರೆ ಅವರ ಅಂಗಡಿಯೂ ಮುಚ್ಚಿತು. ರಾಮನಾಥಪುರದ ಷಷ್ಠಿ ಜಾತ್ರೆಯೂ ಹಾಗೆಯೇ. ಆಲೂಗೆಡ್ಡೆ ಬಿತ್ತುವಾಗ, ಅಗೆಯುವಾಗ ಕೂಲಿ ಉಂಟು, ಮಧ್ಯೆ ಇಲ್ಲ. ಅಂದರೆ ದುಡಿಮೆ ನಾಲ್ಕು ತಿಂಗಳು, ಹೊಟ್ಟೆ ಹನ್ನೆರಡು ತಿಂಗಳು. ಕರಾವಳಿಯಲ್ಲಿ ಇದೇ ಮಾತು ಎದ್ದು ಕಾಣುತ್ತದೆ, ಅಷ್ಟೇ.

ಹೋದದ್ದು ಶೂನ್ಯ ಟಿಕೆಟ್ಟಿನಲ್ಲಿ. 2023ರ ಜೂನ್ 11ರಿಂದ ನಮಗೆಲ್ಲ ಬಸ್ಸು ಉಚಿತ ತಾನೇ. ಹಾಸನದಲ್ಲಿ ಒಂದು ಬಸ್ಸು, ಮಂಗಳೂರಿನಲ್ಲಿ ಇನ್ನೊಂದು, ಕುಮಟಾದಲ್ಲಿ ಮತ್ತೊಂದು. ಶಿರಾಡಿ ಘಾಟಿಯಲ್ಲಿ ಸೊಂಟ ಹಿಡಿಯಿತು ಎಂಬುದನ್ನು ಬಿಟ್ಟರೆ ಖರ್ಚಿಲ್ಲದ ಪ್ರಯಾಣ. ಬಸ್ಸಿನ ತುಂಬ ಹೆಂಗಸರು. ಹತ್ತು ಜನ ಸೇರಿ ದೇವಸ್ಥಾನಕ್ಕೆ ಹೊರಟಿದ್ದ ಒಂದು ಸಂಘದವರೂ ಇದ್ದರು. ಗಂಡನನ್ನು ದುಡ್ಡು ಕೇಳದೆ ಮನೆಯಿಂದ ಹೊರಟದ್ದು ಇದೇ ಮೊದಲು ಎಂದು ಅವರಲ್ಲೊಬ್ಬಾಕೆ ಹೇಳಿದಳು.

ಈಗ ನನ್ನ ವಿದ್ಯಾರ್ಥಿನಿಯ ವಿಚಾರ. ಹೆಸರು ಹೇಳುವುದಿಲ್ಲ, ಆಕೆಯೇ ಬೇಡ ಎಂದಿದ್ದಾಳೆ. ಇದೇ ತಾಲ್ಲೂಕಿನ ಹುಡುಗಿ, ಬಿ.ಎ. ಓದಿದವಳು, ಲೆಕ್ಕದಲ್ಲಿ ಚುರುಕು. ಗೋಕರ್ಣದ ಕಡೆಯ ಮನೆಯೊಂದಕ್ಕೆ ಕೊಟ್ಟು ಮದುವೆ ಮಾಡಿದರು. ನಗದು ಎಷ್ಟು, ಬಂಗಾರ ಎಷ್ಟು ಎಂಬುದು ಮದುವೆಗೆ ಬಂದವರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ತರಗತಿಯಲ್ಲಿ 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಬಗ್ಗೆ ಮಾತಾಡುತ್ತಿದ್ದ ನಾನು ಅಂದು ಹೋಳಿಗೆ ತಿಂದು, ಉಡುಗೊರೆ ಕೊಟ್ಟು, ಫೋಟೋಕ್ಕೆ ನಿಂತು ಬಂದೆ. ಇದನ್ನು ನಿಮ್ಮ ಮುಂದೆ ಹೇಳದೆ ಮುಂದಿನದನ್ನು ಹೇಳುವ ಹಕ್ಕು ನನಗಿಲ್ಲ.

ಮದುವೆಯಾದ ಎರಡನೇ ವರ್ಷಕ್ಕೆ ಮನೆಯವರು ಹಿತ್ತಿಲಲ್ಲಿ ಮೂರು ಕೋಣೆ ಕಟ್ಟಿಸಿ ಪ್ರವಾಸಿಗರಿಗೆ ಕೊಡುವ ಯೋಚನೆ ಮಾಡಿದರು. ಒಳ್ಳೆಯ ಯೋಚನೆಯೇ. ದುಡ್ಡಿಗೆ ಇವಳ ಬಂಗಾರ ಹೋಯಿತು. ಸಾಲದ್ದಕ್ಕೆ ಇವಳ ಹೆಸರಿನಲ್ಲೇ ಎರಡು ಕಡೆ ಕಿರುಸಾಲ ಎತ್ತಿದರು. ಕೋಣೆ ಎದ್ದವು. ಜಾಗ ಮಾವನ ಹೆಸರಿನಲ್ಲಿ, ಕೋಣೆಗಳ ತೆರಿಗೆ ರಸೀದಿ ಮಾವನ ಹೆಸರಿನಲ್ಲಿ, ಗೋಡೆಗೆ ಅಂಟಿಸಿದ ಫೋನ್‌ಪೇ ಚೀಟಿ ಗಂಡನ ಹೆಸರಿನಲ್ಲಿ. ಹಾಸಿಗೆ ಹಾಸುವುದು, ಕಕ್ಕಸು ತೊಳೆಯುವುದು, ಬೆಳಗಿನ ತಿಂಡಿ ಮಾಡುವುದು ಇವಳು. ಸಾಲದ ಪುಸ್ತಕವೂ ಇವಳದೇ.

ಅಲ್ಲಿಯ ಸೀಸನ್ ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ದುಃಖವೆಲ್ಲ ಅದರಲ್ಲಿದೆ.

ಗೋಕರ್ಣ ಮೊದಲಿನಿಂದಲೂ ಯಾತ್ರಾಸ್ಥಳ. ಮಹಾಬಲೇಶ್ವರನ ದರ್ಶನಕ್ಕೆ, ಪಿತೃಕಾರ್ಯಕ್ಕೆ ಜನ ಬರುತ್ತಿದ್ದರು, ಶಿವರಾತ್ರಿಗೆ ದೊಡ್ಡ ತೇರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಓಂ ತೀರ, ಕುಡ್ಲೆ ತೀರ ಎಂದು ಬೇರೆಯದೇ ಜನ ಬರತೊಡಗಿದರು. ಈಗ ವಾರದ ಕೊನೆಗೆ ಬೆಂಗಳೂರಿನ ಕಾರುಗಳ ಸಾಲು. ಅಕ್ಟೋಬರಿಗೆ ಶುರು, ಡಿಸೆಂಬರ್ ಕೊನೆಗೆ ಉತ್ತುಂಗ, ಶಿವರಾತ್ರಿಯವರೆಗೆ ಭರ್ತಿ, ಬೇಸಿಗೆ ರಜೆಯಲ್ಲಿ ಸ್ವಲ್ಪ. ಜೂನಿನ ಮೊದಲ ಮಳೆ ಬಿದ್ದಿತೋ, ತೀರದ ತಿಂಡಿ ಛಪ್ಪರಗಳ ಗಳ ಬಿಚ್ಚಿ, ಕುರ್ಚಿ ಕಟ್ಟಿ, ಮೇಲೆ ಟಾರ್ಪಾಲು ಹೊದಿಸುತ್ತಾರೆ. ಕಡಲು ಬಾಯಿ ತೆರೆದು ನಿಂತಿರುತ್ತದೆ, ನೀರಿಗೆ ಇಳಿಯುವಂತಿಲ್ಲ.

ಮೀನಿನವರಿಗೂ ಅದೇ ಕಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗೆ ಹೋಗುವಂತಿಲ್ಲ. ಮೀನು ಸಂತಾನ ಬೆಳೆಸುವ ಕಾಲ, ನಿಷೇಧ ಸರಿಯಾದದ್ದೇ. ನಾಡದೋಣಿಯವರು ಹೋಗಬಹುದು, ಆದರೆ ಆ ಅಲೆಯಲ್ಲಿ ಹೋಗುವ ಧೈರ್ಯ ಬೇಕು. ದಡದಲ್ಲಿ ಬುಟ್ಟಿ ಹಿಡಿದು ಹರಾಜಿಗೆ ಕಾಯುವ ಹೆಂಗಸಿಗೆ ಆ ಎರಡು ತಿಂಗಳು ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನೇ ಗತಿ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬೇಡ ಎಂದು ಮೀನುಗಾರ ಹೆಂಗಸರು ವರ್ಷಗಟ್ಟಲೆ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಹೊರಗಿನವರ ಕಣ್ಣಿಗೆ ಖಾಲಿ ಮರಳು ಕಾಣುವ ಆ ದಡ ಅವರಿಗೆ ಮೀನು ಒಣಗಿಸುವ ಅಂಗಳ, ಮಳೆಗಾಲದ ಅನ್ನ. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಅಲ್ಲಿಯೂ ಬಿಸಿಲಿರುವಷ್ಟು ದಿನ ಕೆಲಸ, ಮಳೆ ಬಂದರೆ ಆಗರದಲ್ಲಿ ಬರೀ ನೀರು. ಪೇಟೆಯಲ್ಲಿ ಕೊರಳ ತುಂಬ ಮಣಿಸರ ಹಾಕಿ ಕೂತು ತರಕಾರಿ ಮಾರುವ ಹಾಲಕ್ಕಿ ಒಕ್ಕಲಿಗ ಹೆಂಗಸರು ಮಾತ್ರ ಮಳೆಯಲ್ಲೂ ಕೊಪ್ಪೆ ಹೊದ್ದು ಗದ್ದೆಯಲ್ಲಿರುತ್ತಾರೆ.

ದುಡಿಮೆ ನಿಂತಿತು. ಆದರೆ ಏನು ನಿಲ್ಲಲಿಲ್ಲ? ವಾರದ ಕಂತು ನಿಲ್ಲಲಿಲ್ಲ. ಬಡ್ಡಿಗೆ ಮಳೆಗಾಲವಿಲ್ಲ, ನೋಡಿ.

ನನ್ನ ಹುಡುಗಿಯ ಮನೆಯಲ್ಲಿ ಜಗಳ ಪ್ರತಿ ವರ್ಷ ಜೂನ್ ಕೊನೆಗೆ ಶುರುವಾಗುತ್ತಿತ್ತು. ಡಿಸೆಂಬರಿನಲ್ಲಿ ‘ನಮ್ಮ ಸೊಸೆ ಬಹಳ ಚಟುವಟಿಕೆ’ ಎನ್ನುತ್ತಿದ್ದ ಅತ್ತೆ ಜುಲೈಯಲ್ಲಿ ‘ತವರಿನಿಂದ ಕಂತು ತುಂಬಿಸು’ ಎನ್ನುತ್ತಿದ್ದಳು. ಮೊದಲು ಮಾತು, ಆಮೇಲೆ ಕೈ, ಒಂದು ಸಲ ಸೌದೆ. ಮೊದಲ ವರ್ಷ ಅಣ್ಣ ಹಣ ಕಳಿಸಿದ. ಎರಡನೇ ವರ್ಷ ಅರ್ಧ ಕಳಿಸಿದ. ಮೂರನೇ ವರ್ಷ ಇವಳು ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿ ತವರಿಗೆ ಬಂದಳು. ಅಣ್ಣ ಕೆಟ್ಟವನಲ್ಲ. ಹದಿನೈದು ದಿನ ಸುಮ್ಮನಿದ್ದ. ಆಮೇಲೆ ಅತ್ತಿಗೆಯ ಬಾಯಿಂದ ಬಂತು, ‘ಎಷ್ಟು ದಿನ ಇರ್ತೀಯ?’

ಆಗ ಆಕೆ ನನ್ನ ಮನೆಗೆ ಬಂದಳು. ನಾನು ದೊಡ್ಡ ತಿಳಿವಳಿಕೆಯವಳ ಹಾಗೆ, ‘ಗೋಕರ್ಣದಲ್ಲೇ ಬೇರೆ ಬಾಡಿಗೆ ಮನೆ ಮಾಡಿ, ಒಂದು ಊಟದ ಅಂಗಡಿ ಹಾಕು. ನಿನಗೆ ಕೆಲಸ ಗೊತ್ತು, ಗಿರಾಕಿ ಗೊತ್ತು’ ಎಂದೆ. ಅವಳು ನಕ್ಕಳು. ‘ಮೇಡಂ, ಅಲ್ಲಿ ತಿಂಗಳ ಬಾಡಿಗೆ ಮನೆ ಅನ್ನೋದು ಸೆಪ್ಟೆಂಬರಿಗೆ ಮುಗಿಯುತ್ತೆ’ ಎಂದಳು.

ಈ ಮಾತು ಅರ್ಥವಾಗಲು ನಾನು ಅಲ್ಲಿಗೇ ಹೋಗಬೇಕಾಯಿತು. ಲೆಕ್ಕಕ್ಕೆಂದು ಹಿಡಿಯೋಣ: ಒಂದು ಕೋಣೆಗೆ ತಿಂಗಳಿಗೆ ಮೂರು ಸಾವಿರ ಬಾಡಿಗೆ. ಅದೇ ಕೋಣೆ ಸೀಸನ್ನಿನಲ್ಲಿ ದಿನಕ್ಕೆ ಒಂದು ಸಾವಿರಕ್ಕೆ ಹೋದರೆ? ಮೂರು ದಿನದಲ್ಲಿ ತಿಂಗಳ ಬಾಡಿಗೆ ಬಂತು. ಹಾಗಿರುವಾಗ ಯಾವ ಮಾಲೀಕ ತಿಂಗಳ ಬಾಡಿಗೆಗೆ ಕೊಡುತ್ತಾನೆ? ಮಳೆಗಾಲದಲ್ಲಿ ಇರಿ ಎನ್ನುತ್ತಾನೆ, ಅಕ್ಟೋಬರಿಗೆ ಖಾಲಿ ಮಾಡಿ ಎನ್ನುತ್ತಾನೆ. ಊರಿನಲ್ಲಿ ಕೋಣೆಗಳು ಹೆಚ್ಚಿದಷ್ಟೂ ಊರಿನವರಿಗೆ ಮನೆ ಕಡಿಮೆಯಾಗುತ್ತವೆ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು, ಅಂಗನವಾಡಿಗೆ ಬರುವವಳು, ಆಸ್ಪತ್ರೆಯ ನರ್ಸಮ್ಮ, ಇವರೆಲ್ಲ ದೂರದ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರಬೇಕು. ಇನ್ನು ಗಂಡನ ಹೊಡೆತ ತಾಳದೆ ಮಗುವಿನೊಡನೆ ಬಾಗಿಲಿಗೆ ಬಂದ ಒಂಟಿ ಹೆಣ್ಣಿಗೆ ಕೋಣೆ ಕೊಡುವವರು ಯಾರು? ಎಲ್ಲೂ ಕೊಡುವುದಿಲ್ಲ, ಅಲ್ಲಂತೂ ಕೊಡುವುದೇ ಇಲ್ಲ. ಹೊಡೆಯುವ ಮನೆಗೆ ಅವಳು ತಿರುಗಿ ಹೋಗುವುದು ‘ಹೆಣ್ಣಿನ ಸಹನೆ’ಯಿಂದ ಎಂದು ಬರೆಯುವವರಿದ್ದಾರೆ. ಅರ್ಧ ಪಾಲು ಅದು ಬಾಡಿಗೆ ಮನೆ ಸಿಗದ ಕಾರಣಕ್ಕೆ.

ಇದು ನಮ್ಮ ನಾಡಿನ ಕಥೆ ಮಾತ್ರವಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ ಸೇಂಟ್ ಐವ್ಸ್ ಎಂಬ ಊರಿದೆ, ಅದೂ ಮೀನುಗಾರರ ಊರೇ. ಹೊರಗಿನ ಹಣವಂತರು ರಜೆ ಕಳೆಯಲು ಮನೆ ಕೊಂಡು ಕೊಂಡು, ಸ್ಥಳೀಯರಿಗೆ ಮನೆಯೇ ಕೈಗೆಟುಕದಂತಾಯಿತು. 2016ರಲ್ಲಿ ಊರಿನವರು ಮತ ಹಾಕಿ, ಇನ್ನು ಮುಂದೆ ಕಟ್ಟುವ ಹೊಸ ಮನೆಗಳಲ್ಲಿ ವರ್ಷವಿಡೀ ಅಲ್ಲೇ ವಾಸಿಸುವವರು ಮಾತ್ರ ಇರಬೇಕು ಎಂದು ತೀರ್ಮಾನಿಸಿದರು. ಆಗ ಹೊರಗಿನವರು ಹಳೆಯ ಮನೆಗಳಿಗೆ ಮುಗಿಬಿದ್ದರು, ಅವುಗಳ ಬೆಲೆ ಏರಿತು ಎಂಬ ಟೀಕೆಯೂ ಇದೆ. ಒಂದು ನಿಯಮದಿಂದ ಎಲ್ಲ ಸರಿಹೋಗುವುದಿಲ್ಲ. ಆದರೂ ಒಂದು ಊರು ಕೂತು ‘ನಮ್ಮ ಊರಿನಲ್ಲಿ ಮನೆ ಯಾರಿಗೆ?’ ಎಂದು ಕೇಳಿಕೊಂಡಿತಲ್ಲ, ನನಗೆ ಅದು ದೊಡ್ಡದಾಗಿ ಕಾಣುತ್ತದೆ. ನಮ್ಮ ಗ್ರಾಮಸಭೆಗಳಲ್ಲಿ ಆ ಪ್ರಶ್ನೆ ಎದ್ದದ್ದನ್ನು ನಾನು ಕೇಳಿಲ್ಲ.

ಬಾಡಿಗೆ ಸಿಗದಿದ್ದರೆ ಸ್ವಂತದ್ದೊಂದು ಕಟ್ಟಿಕೊಳ್ಳಲಿ ಎನ್ನಬಹುದು. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿಯ ಮನೆಗೆ 2016ರಿಂದ ಬಯಲುಸೀಮೆಯಲ್ಲಿ 1.20 ಲಕ್ಷ ರೂಪಾಯಿ ನಿಗದಿಯಾಯಿತು. ರಾಜ್ಯದ ಬಸವ ವಸತಿ ಇದೆ, ಮೀನುಗಾರರಿಗೆಂದೇ ಮತ್ಸ್ಯಾಶ್ರಯ ಇದೆ. ಆದರೆ ಎಲ್ಲಕ್ಕೂ ಮೊದಲು ಕೇಳುವುದು ಜಾಗದ ಕಾಗದ. ಉತ್ತರ ಕನ್ನಡ ಜಿಲ್ಲೆಯಲ್ಲಿ ನೂರಕ್ಕೆ ಎಂಬತ್ತರಷ್ಟು ನೆಲ ಅರಣ್ಯ ಎಂದು ದಾಖಲಾಗಿದೆ. ಅಜ್ಜನ ಕಾಲದಿಂದ ಇರುವ ಮನೆಗೂ ‘ಅತಿಕ್ರಮಣ’ ಎಂದೇ ಹೆಸರು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕು ಕೇಳಬಹುದು. ಪರಿಶಿಷ್ಟ ಪಂಗಡದವರಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದುದಕ್ಕೆ ಸಾಕ್ಷಿ ಬೇಕು. ಹಾಲಕ್ಕಿಯವರು ತಮ್ಮನ್ನು ಪಂಗಡಕ್ಕೆ ಸೇರಿಸಿ ಎಂದು ಬಹುಕಾಲದಿಂದ ಕೇಳುತ್ತಿರುವುದಕ್ಕೆ ಇದೂ ಒಂದು ಕಾರಣ. ಅಕ್ಷರ ಬಾರದ ಅಜ್ಜಿಗೆ 75 ವರ್ಷದ ಕಾಗದ ಯಾರು ಬರೆದಿಟ್ಟಿದ್ದರು?

ಕಡಲ ಕಡೆಗೆ ಹೋದರೆ ಇನ್ನೊಂದು ಗೆರೆ. 1991ರಲ್ಲಿ ಕೇಂದ್ರ ಸರ್ಕಾರ ಕರಾವಳಿ ನಿಯಂತ್ರಣ ವಲಯ ಎಂದು ಮಾಡಿ, ಹಳ್ಳಿಗಾಡಿನ ತೀರದಲ್ಲಿ ಭರತದ ಗೆರೆಯಿಂದ 200 ಮೀಟರ್ ಒಳಗೆ ಹೊಸದಾಗಿ ಕಟ್ಟಬಾರದು ಎಂದಿತು. 2019ರ ಅಧಿಸೂಚನೆಯಲ್ಲಿ ಜನ ಕಿಕ್ಕಿರಿದ ಹಳ್ಳಿಗಳಿಗೆ ಅದನ್ನು 50 ಮೀಟರಿಗೆ ಇಳಿಸಿದರು. ಸ್ಥಳೀಯರು ತಮ್ಮ ಮನೆಯ ತಳಪಾಯ, ಆಕಾರ, ಮುಖ ಬದಲಿಸದೆ ಪ್ರವಾಸಿಗರನ್ನು ಇಟ್ಟುಕೊಳ್ಳಬಹುದು ಎಂದೂ ಹೇಳಿದರು. ಈ ಕೊನೆಯ ಮಾತು ನನಗೆ ಹಿಡಿಸಿತು. ಇರುವ ಮನೆಯಲ್ಲೇ ಒಂದು ಕೋಣೆ ಕೊಡುವ ಮೀನುಗಾರ ಹೆಂಗಸಿಗೆ ಅದು ನೆರವು. ಮರಳು, ಆಮೆ, ಅಳಿವೆ ಉಳಿಯಬೇಕಾದರೆ ನಿರ್ಬಂಧ ಬೇಕೇ ಬೇಕು, ನಾನು ಅದರ ವಿರುದ್ಧ ಇಲ್ಲ. ಆದರೆ ಗಳದ ಛಪ್ಪರಕ್ಕೆ ನೋಟೀಸು ಬಂದರೆ ನಾಳೆಯೇ ಕಿತ್ತುಕೊಂಡು ಹೋಗಬೇಕು, ಕಾಂಕ್ರೀಟಿಗೆ ಬಂದರೆ ವಕೀಲರನ್ನಿಟ್ಟು ಹತ್ತು ವರ್ಷ ಕೂರಬಹುದು. ಕಾನೂನು ಒಂದೇ, ಕಾಯುವ ಶಕ್ತಿ ಬೇರೆ ಬೇರೆ.

ಕಾಗದದ ಜಾಗ ಸಿಗದವರು ಎಲ್ಲಿಗೆ ಹೋಗುತ್ತಾರೆ? ರಸ್ತೆಯಂಚಿಗೆ, ಗುಡ್ಡದ ಬುಡಕ್ಕೆ, ಹೊಳೆಯ ದಡಕ್ಕೆ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ನಿಮಗೆ ನೆನಪಿರಬಹುದು. ಟಿ.ವಿ.ಯಲ್ಲಿ ಲಾರಿಯ ಸುದ್ದಿಯೇ ಹೆಚ್ಚು ಬಂತು. ಆ ಗುಡ್ಡದ ಕೆಳಗೆ ಒಂದು ಚಹಾ ಅಂಗಡಿ ಇತ್ತು. ಅದನ್ನು ನಡೆಸುತ್ತಿದ್ದ ಗಂಡ, ಹೆಂಡತಿ, ಇಬ್ಬರು ಮಕ್ಕಳು ಎಲ್ಲರೂ ಹೋದರು. ಮಣ್ಣು ಗಂಗಾವಳಿ ಹೊಳೆಗೆ ಬಿದ್ದು, ನೀರು ಎದ್ದು, ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಹೆದ್ದಾರಿಗಾಗಿ ಗುಡ್ಡವನ್ನು ಕಡಿದವರು ಅಲ್ಲಿ ಮಲಗುವವರಲ್ಲ. ಬಸ್ಸು ಶಿರೂರು ದಾಟಿ ಅಂಕೋಲಾಕ್ಕೆ ಹೋಗುವಾಗ ನಾನು ಕಿಟಕಿಯಿಂದ ಆ ಕೆಂಪು ಗಾಯವನ್ನು ನೋಡಿದೆ. ಅದರಾಚೆ ಸ್ವಲ್ಪ ದೂರದಲ್ಲೇ ಇನ್ನೊಂದು ಚಹಾ ಅಂಗಡಿ. ಗಿರಾಕಿ ಇರುವ ಕಡೆ ಅಂಗಡಿ, ಅಂಗಡಿ ಇರುವ ಕಡೆ ಸಂಸಾರ. ಬೇರೇನು ಮಾಡಬೇಕು?

ಸೀಸನ್ನಿನ ನಡುವೆಯೇ ಬಾಗಿಲು ಮುಚ್ಚುವುದೂ ಉಂಟು. ಅದೇ ವರ್ಷ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಮುರ್ಡೇಶ್ವರದ ಕಡಲಲ್ಲಿ ತೀರಿಕೊಂಡರು. ಆಡಳಿತ ತೀರವನ್ನು ಪ್ರವಾಸಿಗರಿಗೆ ಮುಚ್ಚಿತು. ಮುಚ್ಚಲೇಬೇಕಿತ್ತು, ಆ ತಾಯಂದಿರ ಮುಖ ನೆನೆದರೆ ಬೇರೆ ಮಾತಿಲ್ಲ. ಆದರೆ ವರ್ಷದ ದುಡಿಮೆಯ ದಿನಗಳೇ ಅವು. ಕಡಲೆ, ಜೋಳ, ಎಳನೀರು ಮಾರುವ ಹೆಂಗಸರ ಕಂತನ್ನು ಆ ದಿನಗಳಿಗೆ ಯಾರಾದರೂ ಮುಂದಕ್ಕೆ ಹಾಕಿದರೇ ಎಂದು ಕೇಳಿದರೆ ತಪ್ಪಲ್ಲವಷ್ಟೆ?

ಕಂತಿನ ವಿಚಾರಕ್ಕೆ ಬಂದೆ. ಇಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳಿ, ಇದು ನಿಮ್ಮ ಕೈಯಲ್ಲಿರುವ ವಿಷಯ. ವಾರಕ್ಕೊಂದು ಕಂತು ಎಂಬುದು ಬ್ರಹ್ಮಲಿಖಿತವಲ್ಲ. ಕಿರುಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನ ಏಪ್ರಿಲ್ 1ರಿಂದ ಜಾರಿಗೆ ಬಂತು. ಸಾಲಗಾರರ ಅಗತ್ಯಕ್ಕೆ ತಕ್ಕಂತೆ ಕಂತಿನ ಅವಧಿಯನ್ನು ಹೊಂದಿಸುವ ನೀತಿ ಪ್ರತಿ ಸಂಸ್ಥೆಗೂ ಇರಬೇಕು ಎಂದು ಅದರಲ್ಲಿದೆ. ಒಂದು ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗುವಷ್ಟು ಸಾಲ ಕೊಡಬಾರದು. ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ವಸೂಲಿಗೆ ಇಬ್ಬರೂ ಒಪ್ಪಿದ ಜಾಗಕ್ಕೆ ಬರಬೇಕು. ಎರಡು ಸಲ ನೀವು ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ‘ಸರ್, ನಮ್ಮದು ಸೀಸನ್ ದುಡಿಮೆ, ಕಂತು ಹಾಗೆ ಹಾಕಿಕೊಡಿ’ ಎಂದು ಸಹಿ ಹಾಕುವ ಮೊದಲು ಕೇಳಿ. ಸಹಿ ಹಾಕಿದ ಮೇಲೆ ಕೇಳಿದರೆ ನಗುತ್ತಾರೆ. ಸಾಲದ ಕಿರುಕುಳದಿಂದ ನಮ್ಮ ರಾಜ್ಯದಲ್ಲಿ ಸಾವುಗಳಾಗಿ, ಊರು ಬಿಟ್ಟವರ ಸುದ್ದಿ ಬಂದು, 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ವಸೂಲಿಗೆ ಬೆದರಿಸುವುದು, ಪೀಡಿಸುವುದು ಈಗ ಜೈಲಿಗೆ ಕಳಿಸುವ ಅಪರಾಧ.

ಇನ್ನು ನಿಮ್ಮ ಸಂಘದ ಸ್ವಂತ ಉಳಿತಾಯದ ಹಣ. ಅದಕ್ಕೆ ನೀವೇ ರಿಸರ್ವ್ ಬ್ಯಾಂಕು! ಹನ್ನೆರಡು ಸಮ ಕಂತು ಎಂದು ಯಾರು ಹೇಳಿದರು? ಹಾಸನಾಂಬೆಯ ಸಮಯದಲ್ಲಿ ಅಂಗಡಿ ಹಾಕುವವಳಿಗೆ ದಸರೆಗೆ ಸಾಲ ಕೊಟ್ಟು ದೀಪಾವಳಿ ಕಳೆದ ಮೇಲೆ ದೊಡ್ಡ ಕಂತು, ಉಳಿದ ತಿಂಗಳು ಬಡ್ಡಿ ಮಾತ್ರ ಎಂದು ನಿರ್ಣಯ ಬರೆದರೆ ಸಾಕು. ನನ್ನ ವಿದ್ಯಾರ್ಥಿನಿ ಈಗ ಸೇರಿರುವ ಸಂಘದಲ್ಲಿ ಹಾಗೆಯೇ ಮಾಡಿದ್ದಾರೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅಸಲು ಕೇಳುವುದಿಲ್ಲ, ಡಿಸೆಂಬರ್, ಜನವರಿಯಲ್ಲಿ ಎರಡರಷ್ಟು ಕಟ್ಟಿಸಿಕೊಳ್ಳುತ್ತಾರೆ. ಬಾಕಿ ಬೀಳುವುದು ಕಡಿಮೆಯಾಯಿತೇ ಎಂದು ಕೇಳಿದೆ. ‘ಬಾಕಿಗಿಂತ ಏಟು ಕಡಿಮೆಯಾಯಿತು’ ಎಂದಳು ಅವರಲ್ಲೊಬ್ಬಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಹುಡುಗಿ ಏನಾದಳು ಎಂದು ಕೇಳುತ್ತೀರಿ. ಅವಳಿಗೆ ದಾರಿ ಸಿಕ್ಕಿದ್ದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ. ಅದು ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 17ನೇ ಕಲಮಿನ ಪ್ರಕಾರ ಹೆಂಡತಿಗೆ ತಾನು ಬಾಳಿದ ಮನೆಯಲ್ಲಿ ಇರುವ ಹಕ್ಕಿದೆ, ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ. 19ನೇ ಕಲಮಿನಲ್ಲಿ ಅವಳನ್ನು ಹೊರಹಾಕಬಾರದು ಎಂದು ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ‘ಮನೆ ನನ್ನದು, ಮಗನದಲ್ಲ’ ಎಂದು ಮಾವ ಹೇಳುವ ಆಟ ಬಹುಕಾಲ ನಡೆಯಿತು. 2020ರಲ್ಲಿ ಸುಪ್ರೀಂ ಕೋರ್ಟು, ಅತ್ತೆ ಮಾವಂದಿರ ಹೆಸರಿನ ಮನೆಯೂ ಸಂಸಾರ ಹಂಚಿಕೊಂಡ ಮನೆ ಆಗಬಹುದು ಎಂದು ಹೇಳಿತು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿಯ ಮೇಲಧಿಕಾರಿ, ನಿಮಗೆ ಪರಿಚಯದವರೇ. ವಕೀಲರಿಗೆ ಹಣವಿಲ್ಲ ಎನ್ನಬೇಡಿ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವಿದೆ. ತುರ್ತಿಗೆ 181ಕ್ಕೆ ಫೋನು ಮಾಡಿ.

ಆದೇಶ ಬೇಗ ಬರಲಿಲ್ಲ. ಅರವತ್ತು ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ, ಎರಡು ಸೀಸನ್ ಹೋಯಿತು. ಕೊನೆಗೆ ಮೂರು ಕೋಣೆಗಳಲ್ಲಿ ಒಂದು ಮತ್ತು ಹಿಂದಿನ ಅಡುಗೆ ಜಾಗ ಅವಳ ವಾಸಕ್ಕೆ ಸಿಕ್ಕಿತು. ಬಂಗಾರದ ಮೊಕದ್ದಮೆ ಇನ್ನೂ ನಡೆಯುತ್ತಿದೆ. ಬಂಗಾರ ಸ್ತ್ರೀಧನ, ಅದು ಪೂರ್ತಿ ಹೆಂಡತಿಯದೇ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಆದರೆ ಅವಳ ಬಂಗಾರ ಈಗ ಗೋಡೆಯಾಗಿ ನಿಂತಿದೆ, ಗೋಡೆಯನ್ನು ತೂಕ ಮಾಡುವುದು ಹೇಗೆ? ಅದೇ ಅಂಗಳದಲ್ಲಿ ಅತ್ತೆ ಓಡಾಡುತ್ತಾಳೆ, ಮಾತಿಲ್ಲ. ಗಂಡ ಮಗಳನ್ನು ಮಾತ್ರ ಕರೆಯುತ್ತಾನೆ. ಸುಖದ ಕಥೆ ಎಂದು ನಾನು ಹೇಳುತ್ತಿಲ್ಲ. ಅವಳು ಆ ಅಡುಗೆ ಜಾಗದಲ್ಲಿ ಕೆಲಸಗಾರರಿಗೆ ಊಟ ಮಾಡಿ ಕೊಡುತ್ತಾಳೆ. ಪ್ರವಾಸಿಗರಿಗಲ್ಲ, ಅಲ್ಲಿಯ ಹೋಟೆಲು, ಅಂಗಡಿಗಳಲ್ಲಿ ದುಡಿಯುವವರಿಗೆ. ಪ್ರವಾಸಿಗರು ಹೋದರೂ ಬಣ್ಣ ಬಳಿಯುವವರು, ಮಾಡು ರಿಪೇರಿ ಮಾಡುವವರು ಮಳೆಗಾಲದಲ್ಲೂ ಇರುತ್ತಾರೆ ಎಂದು ಲೆಕ್ಕ ಹಾಕಿದ್ದಾಳೆ. ನಾನು ಕಲಿಸಿದ ಅರ್ಥಶಾಸ್ತ್ರದಲ್ಲಿ ಇದು ಇರಲಿಲ್ಲ. ಗೋಡೆಯ ಮೇಲಿನ ಫೋನ್‌ಪೇ ಚೀಟಿ ಈಗ ಅವಳ ಹೆಸರಿನದು. ಅದನ್ನು ಎರಡು ಸಲ ಯಾರೋ ಕಿತ್ತರಂತೆ, ಮೂರನೇ ಸಲ ಪ್ಲಾಸ್ಟಿಕ್ ಹಾಕಿಸಿ ಮೊಳೆ ಹೊಡೆದಿದ್ದಾಳೆ.

ಅಂಕೋಲಾದ ಬಡಿಗೇರಿಯ ಸುಕ್ರಿ ಬೊಮ್ಮಗೌಡರ ಹೆಸರು ನೀವು ಕೇಳಿರಬಹುದು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಹಾಡಿನಿಂದ ಹೆಸರಾದವರು, ಆದರೆ ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತವರೂ ಅವರೇ. ದುಡಿಮೆಯ ಹಣ ಮನೆಗೆ ಬರುವ ಮೊದಲೇ ಎಲ್ಲಿ ಸೋರುತ್ತದೆ ಎಂಬುದು ಓದು ಬಾರದ ಅವರಿಗೆ ತಿಳಿದಿತ್ತು.

ಈಗ ಹಳೇಕೋಟೆಗೆ ಬರೋಣ. ಸಂಘದಿಂದ ಸಾಲ ತೆಗೆದು ಮನೆಗೆ ಹೆಂಚು ಹಾಕಿಸಿದವರು, ಕೊಟ್ಟಿಗೆ ಕಟ್ಟಿಸಿದವರು, ಮುಂದಿನ ಕೋಣೆಯಲ್ಲಿ ಅಂಗಡಿ ಇಟ್ಟವರು ಇಲ್ಲಿ ಎಷ್ಟು ಜನ? ಕೈ ಎತ್ತಿ. ಬಹಳ ಜನ ಇದ್ದೀರಿ. ಆ ಮನೆಯ ಖಾತೆ ನಿಮ್ಮ ಹೆಸರಿನಲ್ಲಿ ಇರುವವರು ಮಾತ್ರ ಕೈ ಹಾಗೇ ಇಟ್ಟುಕೊಳ್ಳಿ.

ನಾಲ್ಕು ಕೈ.

ಬೇಸರ ಬೇಡ. ಗೋಕರ್ಣದ ಸಂಘದಲ್ಲಿ ಕೇಳಿದಾಗ ಮೂರೇ ಇದ್ದವು. ಸರ್ಕಾರದ ವಸತಿ ಯೋಜನೆಯ ಮನೆ ಹೆಂಗಸಿನ ಹೆಸರಿಗೆ ಅಥವಾ ಜಂಟಿಯಾಗಿ ಬರಬೇಕು ಎಂಬ ನಿಯಮವಿದೆ. ಮನೆ ಯಾರಿಗೆ ಎಂದು ಆರಿಸುವುದು ಗ್ರಾಮಸಭೆ. ಗ್ರಾಮಸಭೆಗೆ ಯಾರು ಹೋಗುತ್ತಾರೆ? ಗಂಡಸರು ಹೋಗಿ ಚಹಾ ಕುಡಿದು ಬರುತ್ತಾರೆ. ತವರಿನ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಎಂದು ನಮ್ಮ ರಾಜ್ಯ 1994ರಲ್ಲೇ ಕಾನೂನು ತಿದ್ದಿತು, ಆಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಆದರೂ ಮದುವೆಯ ಬಂಗಾರ ಕೊಟ್ಟೆವಲ್ಲ ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಬಂಗಾರ ಅತ್ತೆಮನೆಯ ಗೋಡೆಗೆ ಹೋಗುತ್ತದೆ. ಎರಡು ಮನೆ ಕಟ್ಟಿದವಳಿಗೆ ಎರಡರಲ್ಲೂ ಒಂದು ಮೊಳ ಜಾಗವಿಲ್ಲ!

ನೀವು ಉಪ್ಪಿನಕಾಯಿ ಮಾಡಿ, ಹಪ್ಪಳ ಮಾಡಿ, ಹೊಲಿಗೆ ಯಂತ್ರ ತನ್ನಿ, ನಾನು ಬೇಡ ಎನ್ನುವುದಿಲ್ಲ. ಆದರೆ ಸಾಲದ ಅರ್ಜಿ ಬಂದಾಗ ಸಂಘದಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: ಈ ಹಣ ಯಾರ ಹೆಸರಿನ ಗೋಡೆಗೆ ಹೋಗುತ್ತದೆ? ಗಂಡನ ಹೆಸರಿನದಾದರೆ, ಜಂಟಿ ಖಾತೆ ಮಾಡಿಸಿ ಬಾ, ಆಮೇಲೆ ಕೊಡುತ್ತೇವೆ ಎನ್ನಿ. ಜಗಳವಾಗುತ್ತದೆ, ಗೊತ್ತು. ಹತ್ತು ಜನ ಸೇರಿ ಹೇಳಿದರೆ ಒಬ್ಬಳ ಮೇಲೆ ಬೀಳುವ ಕೋಪ ಹತ್ತು ಪಾಲಾಗುತ್ತದೆ.

ಪಂಚಾಯಿತಿಯಲ್ಲಿ ಇ-ಸ್ವತ್ತು ನಮೂನೆ 9 ಮತ್ತು 11 ಎಂದು ಕೇಳಿದರೆ ನಿಮ್ಮ ಮನೆಯ ದಾಖಲೆ ಕೊಡುತ್ತಾರೆ. ಮುಂದಿನ ತಿಂಗಳ ಸಭೆಗೆ ಪ್ರತಿಯೊಬ್ಬರೂ ಅದರ ಒಂದೊಂದು ನಕಲು ತನ್ನಿ. ಓದಲು ಬಾರದವರು ಹಾಗೇ ತನ್ನಿ, ನಾನು ಕನ್ನಡಕ ಹಾಕಿಕೊಂಡು ಬರುತ್ತೇನೆ. ಒಂದೊಂದಾಗಿ ಓದಿ ಹೇಳುತ್ತೇನೆ, ಯಾರ ಹೆಸರಿದೆ ಎಂದು.